ಗಿಣಿಯ ಡಿವಿಡಿ

ವಾರ್ಡಿನ ಟಿವಿ ಕೋಣೆಯಲ್ಲಿದ್ದ ಹಳೆಯ ಪ್ಲೇಯರ್ ಅಕ್ಕ ತಂದ ಡಿಸ್ಕನ್ನು ಒಳಗೆ ಎಳೆದುಕೊಂಡಿತು, ಕರಕರ ಎಂದು ಸ್ವಲ್ಪ ಹೊತ್ತು ಅಗಿಯಿತು, ಆಮೇಲೆ ಬಾಯಿಗೆ ಹಿಡಿಸಲಿಲ್ಲ ಎಂಬಂತೆ ಹೊರಗೆ ಉಗುಳಿತು. ನರ್ಸ್ ಅದನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ತುರುಕಿದರು. ಮತ್ತೆ ಅದೇ ಕರಕರ. ಟಿವಿಯ ಪರದೆ ನೀಲಿಯಾಗಿಯೇ ಉಳಿಯಿತು.

“ಮನೇಲಿ ಹಾಕಿ ನೋಡಿದ್ರಾ ಇವ್ರೇ?” ಎಂದರು ನರ್ಸ್.

“ಕಂಪ್ಯೂಟರಲ್ಲಿ ಚೆನ್ನಾಗೇ ಓಡ್ತು ಸಿಸ್ಟರ್. ಫೋನಲ್ಲಿದ್ದ ವಿಡಿಯೋ ಎಲ್ಲಾ ನಾನೇ ಕೂತು ಕಾಪಿ ಮಾಡಿದೀನಿ.”

“ಕಂಪ್ಯೂಟರ್ ಏನು ಕೊಟ್ರೂ ತಿನ್ನತ್ತೆ. ನಮ್ಮ ಈ ಮುದುಕನಿಗೆ ಹಲ್ಲಿಲ್ಲ ಕಣ್ರೀ, ಅರೆದು ಕಲಸಿ ಬಾಯಿಗಿಡಬೇಕು.” ನರ್ಸ್ ಪ್ಲೇಯರಿನ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. “ಯಾವುದಾದ್ರೂ ಸ್ಟುಡಿಯೋದಲ್ಲಿ ಕೊಟ್ಟು ಸರಿಯಾಗಿ ಮಾಡಿಸ್ಕೊಂಡು ಬನ್ನಿ. ಎಲ್ಲಾ ಒಂದೇ ಡಿಸ್ಕಲ್ಲಿರಲಿ. ಪ್ಲೇ ಒತ್ತಿದ್ರೆ ಮೊದಲಿಂದ ಕೊನೇವರೆಗೆ ತಾನೇ ಓಡಬೇಕು. ಒಂದೊಂದೇ ಹಾಕಿ ತೆಗೆದು ಮಾಡ್ತಾ ಕೂರೋಕೆ ನನಗೇನು ಇಲ್ಲಿ ಒಬ್ಬಳೇ ಪೇಷಂಟಾ?”

ಪೆನ್ ಡ್ರೈವ್ ತಂದರೆ ಆಗುತ್ತದೆಯೇ ಎಂದು ಅಕ್ಕ ಕೇಳಿದಳು. ನರ್ಸ್ ಪ್ಲೇಯರನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಅದಕ್ಕೆ ಅಂಥ ತೂತೇ ಇರಲಿಲ್ಲ.

ತಂಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವತ್ತು ಅವಳು ತಲೆಗೆ ನೀರು ಹಚ್ಚಿ, ನೀಟಾಗಿ ಬಾಚಿಕೊಂಡು ಬಂದಿದ್ದಳು, ದೊಡ್ಡವರು ಯಾರನ್ನೋ ನೋಡಲು ಹೊರಟವಳ ಹಾಗೆ. ನೀಲಿ ಪರದೆಯನ್ನೇ ಇನ್ನೂ ಸ್ವಲ್ಪ ಹೊತ್ತು ನೋಡಿ, “ಬಿಡಕ್ಕ, ಮುಂದಿನ ಸಲ” ಎಂದಳು. ಅಷ್ಟೇ. ಅವಳು ಜೋರಾಗಿ ಅತ್ತಿದ್ದರೆ ಅಕ್ಕನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ತಂಗಿ ಆ ಆಸ್ಪತ್ರೆ ಸೇರಿ ಮೂರು ವರ್ಷವಾಗುತ್ತ ಬಂದಿತ್ತು. ಹೆರಿಗೆಯ ಬೆನ್ನಿಗೇ ಹತ್ತಿದ ಕಾಯಿಲೆ. ಮೊದಮೊದಲು ಬರೀ ಸುಸ್ತು ಎಂದುಕೊಂಡಿದ್ದರು. ತೊಟ್ಟಿಲಲ್ಲಿ ಮಗು ಅತ್ತತ್ತು ಕೆಂಪಾಗುತ್ತಿದ್ದರೂ ಪಕ್ಕದಲ್ಲೇ ನಿಂತವಳು ಕೈ ಚಾಚುತ್ತಿರಲಿಲ್ಲ. ಬಗ್ಗಿ ಸುಮ್ಮನೆ ನೋಡುತ್ತಿದ್ದಳು. ಹೆತ್ತ ಕರುಳು ಹೀಗೂ ಇರುತ್ತದೆಯೇ ಎಂದು ನೆಂಟರು ಬಾಯಿಗೆ ಬಂದಂತೆ ಆಡಿಕೊಂಡರು. ಆಮೇಲೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಒಂದು ಬೆಳಗ್ಗೆ ಮಗುವನ್ನು ಪಕ್ಕದ ಮನೆಯ ಬಾಗಿಲಲ್ಲಿಟ್ಟು ಬರಿಗಾಲಲ್ಲಿ ಎತ್ತಲೋ ನಡೆದುಬಿಟ್ಟಳು. ಅವಳು ಸಿಕ್ಕಿದಾಗ ಆಡಿಕೊಳ್ಳುವವರೂ ಸುಮ್ಮನಾಗಿದ್ದರು. ಮಗುವಿನ ಅಪ್ಪ ಮೊದಲ ವರ್ಷ ಬಂದು ಹೋಗಿ ಮಾಡಿದ, ಎರಡನೆಯ ವರ್ಷ ಬೇರೆ ಸಂಸಾರ ಹೂಡಿದ. ಮಗು ಅಕ್ಕನ ಮಡಿಲಿಗೆ ಬಂತು. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ.

ಮಗುವಿಗೆ ಮನೆಯಲ್ಲಿ ಗಿಣಿ ಎಂದು ಹೆಸರು. ಮಾತು ಕಲಿತಿದ್ದೇ ತಡ, ನಿದ್ದೆಯಲ್ಲೂ ಬಾಯಿಗೆ ಬಿಡುವಿಲ್ಲ.

ಈಗ ತಂಗಿ ಚೇತರಿಸಿಕೊಂಡಿದ್ದಾಳೆ, ಮನೆಗೆ ಕಳಿಸುವ ಕಾಲ ಬಂತು ಎಂದು ಡಾಕ್ಟರ್ ಹೇಳಿದ್ದರು. “ಆದ್ರೆ ಒಂದೇ ಏಟಿಗೆ ಮಗುನ ಎದುರಿಗೆ ನಿಲ್ಲಿಸಬೇಡಿ. ಮೊದಲು ದೂರದಿಂದ ನೋಡಲಿ. ಅವಳು ಅದನ್ನ ಹೇಗೆ ತಡ್ಕೋತಾಳೆ ಅನ್ನೋದರ ಮೇಲೆ ಮುಂದಿನ ಮಾತು.” ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುವ ಜಾಗ ಅದು. ಫೋಟೋ ತಂದುಕೊಡಲೇ ಎಂದು ಅಕ್ಕ ಕೇಳಿದಾಗ ತಂಗಿ ತಲೆಯಾಡಿಸಿದ್ದಳು. “ಫೋಟೋ ಬೇಡ ಅಕ್ಕ. ಫೋಟೋದಲ್ಲಿ ಎಲ್ಲ ಮಕ್ಕಳೂ ಸುಮ್ಮನೇ ಇರ್ತಾವೆ. ಅವಳು ನಡೆಯೋದು ನೋಡಬೇಕು ನಾನು.” ಮೂರು ವರ್ಷದಲ್ಲಿ ತಂಗಿ ತಾನಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಸ್ಟುಡಿಯೋಗೆ ಒಯ್ಯುವ ಮೊದಲು ಅಕ್ಕ ವಿಡಿಯೋಗಳನ್ನೆಲ್ಲ ಇನ್ನೊಮ್ಮೆ ನೋಡಲು ಕೂತಳು. ಅವಳ ಕೆಲಸವೇ ಅಂಥದ್ದು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಬೇರೆಯವರು ಬರೆದದ್ದರಲ್ಲಿ ಇರಬಾರದ್ದನ್ನು ಹುಡುಕಿ, ಅಚ್ಚಿಗೆ ಹೋಗುವ ಮುಂಚೆ ಅಡ್ಡಗೀಟು ಹಾಕುವುದು ಅವಳ ಅನ್ನದ ದಾರಿ. ಬೀದಿಯಲ್ಲಿ ಅಂಗಡಿ ಬೋರ್ಡು ಕಂಡರೂ ಕಣ್ಣು ಮೊದಲು ತಪ್ಪನ್ನೇ ಹುಡುಕುತ್ತಿತ್ತು. ಮೊದಲ ಸಲ ಕಾಪಿ ಮಾಡುವಾಗ ಕೆಲಸದ ಗಡಿಬಿಡಿಯಲ್ಲಿ ಚಿತ್ರ ನೋಡಿದ್ದಳೇ ಹೊರತು ಕಿವಿಗೊಟ್ಟಿರಲಿಲ್ಲ. ಈಗ ಕೇಳಿದಳು.

ಗಿಣಿ ಕುರ್ಚಿ ಬಿಟ್ಟು ಮೊದಲ ಹೆಜ್ಜೆ ಹಾಕುತ್ತದೆ. ಧೊಪ್ಪನೆ ಕೂತು, ಫೋನಿನ ಕಡೆ ನೋಡಿ, “ಅಮ್ಮ!” ಎನ್ನುತ್ತದೆ. ಗಿಣಿ ಬಕೆಟ್ಟಿನೊಳಗೆ ಕೂತು ನೀರು ಬಡಿಯುತ್ತದೆ: “ಅಮ್ಮಾ, ಬಿಸಿ ಸಾಕು!” ಗಿಣಿ ದೊಡ್ಡಪ್ಪನ ಬೂಟು ಹಾಕಿಕೊಂಡು ಹಜಾರದ ಉದ್ದಕ್ಕೂ ಎಳೆಯುತ್ತ ಬರುತ್ತದೆ: “ಅಮ್ಮಾ ನೋಡು, ನಾನು ಆಫೀಸಿಗೆ!” ಗಿಣಿ ಗೊಂಬೆಗೆ ಬಿಸ್ಕತ್ತು ತಿನ್ನಿಸುತ್ತದೆ: “ತಿನ್ನು. ಇಲ್ಲಾಂದ್ರೆ ಅಮ್ಮಂಗೆ ಹೇಳ್ಕೊಡ್ತೀನಿ.” ಶಾಲೆಯ ಗೇಟಿನಲ್ಲಿ ತಿರುಗಿ ನಿಂತು, ಕೆಳತುಟಿ ಮುಂದಕ್ಕೆ ಬಂದು... ಅಲ್ಲೂ ಅದೇ. ನೆಲದ ಮೇಲೆ ಬೋರಲು ಮಲಗಿ ಇರುವೆ ನೋಡುತ್ತಿರುವ ಉದ್ದನೆಯ ವಿಡಿಯೋದಲ್ಲಂತೂ ಆ ಮಾತಿಗೆ ಲೆಕ್ಕವೇ ಇಲ್ಲ.

ಮೊದಲಿಗೆ ಅಕ್ಕ ಗಿಣಿಗೆ ‘ದೊಡ್ಡಮ್ಮ’ ಎನ್ನುವುದನ್ನೇ ಹೇಳಿಕೊಟ್ಟಿದ್ದಳು. ಎಳೆಯ ನಾಲಿಗೆಗೆ ಅಷ್ಟು ಉದ್ದ ಹೊರಳಲಿಲ್ಲ. ಮುಂದಿನ ಅರ್ಧ ಬಿದ್ದುಹೋಗಿ ಹಿಂದಿನದು ಉಳಿಯಿತು. ಆಮೇಲೆ ನಾಲಿಗೆ ಚೆನ್ನಾಗಿ ಹೊರಳಿದರೂ ಅದೇ ನಿಂತಿತು. ಊರಿನವರ ಬರಹವನ್ನೆಲ್ಲ ತಿದ್ದುವವಳು ಅದೊಂದನ್ನು ತಿದ್ದಲಿಲ್ಲ.

ಅವಳು ಕಣ್ಣು ಮುಚ್ಚಿ ಟಿವಿ ಕೋಣೆಯನ್ನು ನೆನೆಸಿಕೊಂಡಳು. ಬೆಂಚಿನ ತುದಿಯಲ್ಲಿ ತಂಗಿ. ಪರದೆಯಲ್ಲಿ ಅವಳು ಹೆತ್ತ ಮಗು, ಬೇರೊಬ್ಬಳನ್ನು ಅಮ್ಮಾ ಅಮ್ಮಾ ಎಂದು ಕೂಗುತ್ತ. ಮೂರು ವರ್ಷ ಗುಳಿಗೆ ನುಂಗಿ ನುಂಗಿ ಒಟ್ಟುಗೂಡಿಸಿಕೊಂಡ ಮನಸ್ಸು ಅದು. ಮತ್ತೆ ಒಡೆದರೆ?

ಸ್ಟುಡಿಯೋ ಬಜಾರಿನ ಕೊನೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಅಂತಸ್ತಿನಲ್ಲಿತ್ತು. ಅದರ ಯಜಮಾನನನ್ನು ಎಲ್ಲರೂ ರೀಲಣ್ಣ ಎನ್ನುತ್ತಿದ್ದರು. ರೀಲು ಸುತ್ತುವ ಕ್ಯಾಮೆರಾ ಇದ್ದ ಕಾಲದಿಂದ ಆ ಕೆಲಸದಲ್ಲಿದ್ದವನು. ರೀಲು ಬಿಡುವುದರಲ್ಲೂ ಹಿಂದೆ ಬಿದ್ದವನಲ್ಲ. ಗೋಡೆಯ ತುಂಬ ಯಾರ್‍ಯಾರದೋ ಮದುವೆ ಫೋಟೋ, ಮೂಲೆಯಲ್ಲಿ ಬಟ್ಟೆ ಮುಚ್ಚಿದ ದೀಪದ ಕಂಬಗಳು, ಕಿಟಕಿಯ ಪಕ್ಕ ಎರಡು ಪರದೆಯ ಕಂಪ್ಯೂಟರ್.

“ಡಿವಿಡೀನಾ?” ರೀಲಣ್ಣ ಕನ್ನಡಕ ಹಣೆಗೇರಿಸಿದ. “ಮೇಡಂ, ನೀವು ಕೇಳಿದ್ದು ಹೇಗಾಯ್ತು ಅಂದ್ರೆ, ತೀರಿಹೋದ ನಮ್ಮ ಅಜ್ಜನ್ನ ಕೇಳ್ಕೊಂಡು ಯಾರೋ ಮನೆ ಬಾಗಿಲಿಗೆ ಬಂದ ಹಾಗಾಯ್ತು. ಕೂತ್ಕೊಳ್ಳಿ, ಕೂತ್ಕೊಳ್ಳಿ. ಬರೆಯೋ ಮಿಷನ್ ಇನ್ನೂ ಇಟ್ಕೊಂಡಿದೀನಿ.”

ಅಕ್ಕ ತಾನು ಮಾಡಿದ್ದ ಡಿಸ್ಕನ್ನು ತೋರಿಸಿದಳು. ಅವನು ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿ ನಕ್ಕ. “ನೀವು ಮಾಡಿರೋದು ಅಕ್ಕಿ, ಬೇಳೆ, ತರಕಾರಿ ಎಲ್ಲಾ ಒಂದೇ ಡಬ್ಬಿಗೆ ಸುರಿದ ಹಾಗೆ. ಅಡುಗೆ ಆಗಿಲ್ಲ. ನೋಡಿ, ಇದು ಹಳೇ ಫೋನಿಂದು, ಇದು ಹೊಸದರದ್ದು, ಇದು ಯಾರೋ ಕಳಿಸಿ ಕಳಿಸಿ ಸವೆದುಹೋಗಿರೋದು. ಒಂದು ನಿಂತಿದೆ, ಒಂದು ಮಲಗಿದೆ. ಎಲ್ಲಾನೂ ಒಂದೇ ಅಳತೆಗೆ ತಂದು, ಪ್ಲೇಯರಿಗೆ ತಿಳಿಯೋ ಹಾಗೆ ಬದಲಾಯಿಸಿ, ಸಾಲಾಗಿ ಪೋಣಿಸಿ, ಆಮೇಲೆ ಬರೀಬೇಕು. ಬರೆದ ಮೇಲೆ ಡಿಸ್ಕನ್ನ ಮುಚ್ಚಬೇಕು. ಮುಚ್ಚದೇ ಇದ್ರೆ ನಿಮ್ಮ ಆಸ್ಪತ್ರೆ ಪ್ಲೇಯರ್ ಮೂಸಿ ನೋಡಲ್ಲ. ಮುಚ್ಚಿದ ಮೇಲೆ ನಾನೇ ಬಂದ್ರೂ ಒಂದು ಚುಕ್ಕೆ ಬದಲಾಯಿಸೋಕೆ ಆಗಲ್ಲ.”

ಅವನು ಒಂದೊಂದೇ ವಿಡಿಯೋವನ್ನು ಎಳೆದು ಕೆಳಗಿನ ಉದ್ದನೆಯ ಪಟ್ಟಿಯಲ್ಲಿ ಸಾಲಾಗಿಟ್ಟ. ಕಂಪ್ಯೂಟರ್ ತನಗೆ ತೋಚಿದ ಕ್ರಮದಲ್ಲಿ ಇಟ್ಟಿದ್ದರಿಂದ ಗಿಣಿ ಮೊದಲು ಶಾಲೆಗೆ ಹೋಗಿ ಆಮೇಲೆ ನಡೆಯಲು ಕಲಿಯುತ್ತಿತ್ತು. “ಜಾಣ ಮಗು” ಎಂದು ಅವನು ಸರಿಪಡಿಸಿದ. ನೆಟ್ಟಗೆ ಹಿಡಿದು ತೆಗೆದ ವಿಡಿಯೋಗಳ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಅಲ್ಲಿ ಹೂವಿನ ಬಳ್ಳಿ ತುಂಬಲೇ ಎಂದ. ಬೇಡ ಎಂದಳು. ಮೊದಲಿಗೆ ಒಂದು ಮೆನು, ಹೃದಯದ ಚಿತ್ರ, ಮಗುವಿನ ಹೆಸರು? ಬೇಡ. ಒತ್ತಿದ ಕೂಡಲೇ ಓಡಿದರೆ ಸಾಕು.

“ಮತ್ತೆ... ದನಿ” ಎಂದಳು ಅಕ್ಕ.

“ದನಿಗೇನು? ಎಲ್ಲದರದ್ದೂ ಒಂದೇ ಮಟ್ಟಕ್ಕೆ ತರ್ತೀನಿ. ಇಲ್ಲಾಂದ್ರೆ ಒಂದರಲ್ಲಿ ಪಿಸುಗುಟ್ಟಿ ಇನ್ನೊಂದರಲ್ಲಿ ಕಿರುಚತ್ತೆ.”

“ಅದಲ್ಲ. ತೆಗೆದುಬಿಡೋಕೆ ಆಗತ್ತಾ? ಅವಳು ಮಾತಾಡೋ ಕಡೆ ಮಾತ್ರ.”

ರೀಲಣ್ಣ ಕುರ್ಚಿ ತಿರುಗಿಸಿ ಅವಳನ್ನು ನೋಡಿದ. “ಮದುವೆ ವಿಡಿಯೋ ತಂದು, ಬೀಗರ ಜಗಳ ತೆಗೀರಿ ಅಂದವರು ಇದಾರೆ. ಮಾವನ ಗೊರಕೆ ತೆಗೀರಿ ಅಂದವರು ಇದಾರೆ. ಮಗು ಮಾತು ತೆಗೀರಿ ಅಂತ ಬಂದವರು ನೀವೇ ಮೊದಲು ಮೇಡಂ.”

“ಗಲಾಟೆ ಜಾಸ್ತಿ ಇದೆ” ಎಂದಳು. ಸುಳ್ಳು ಹೇಳುವಾಗ ಅವಳ ದನಿ ತೀರಾ ಮೆತ್ತಗಾಗುತ್ತಿತ್ತು. “ರೋಗಿಗಳಿರೋ ಜಾಗ. ಏನಾದ್ರೂ ಮೆಲುವಾದ ಸಂಗೀತ ಹಾಕಿ.”

ಅವನು ಹೆಡ್‌ಫೋನ್ ಹಾಕಿಕೊಂಡು ಎರಡು ಮೂರು ಕಡೆ ಕೇಳಿದ. ಕೇಳಿದವನಿಗೆ ಎಲ್ಲ ಕಡೆ ಯಾವ ಮಾತಿದೆ ಎಂದು ತಿಳಿದಿರಲೇಬೇಕು. ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟ. ಆ ಒಂದೇ ಮಾತನ್ನು ಕಿತ್ತು ಉಳಿದದ್ದನ್ನು ಬಿಡಲಾಗುತ್ತದೆಯೇ ಎಂದು ಅವಳು ಕೇಳಿದಾಗ, ಬೆರಳಿನಿಂದ ಪರದೆಯ ಮೇಲಿನ ಅಲೆಯ ಗೀಟನ್ನು ತೋರಿಸಿ, “ಅಂಟಿಕೊಂಡಿದೆ ಮೇಡಂ. ಹಿಂದಿನ ಮಾತು, ಮುಂದಿನ ಮಾತು, ನಗು, ಎಲ್ಲಾ ಅದಕ್ಕೇ ಹೆಣೆದುಕೊಂಡಿದೆ. ಕಿತ್ತರೆ ಪೂರ್ತಿ ಕೀಳಬೇಕು” ಎಂದ. ಅಕ್ಕ ಸ್ವಲ್ಪ ಹೊತ್ತು ಆ ಗೀಟನ್ನು ನೋಡಿದಳು. ಗಿಣಿಯ ದನಿ ಕಣ್ಣಿಗೆ ಕಂಡರೆ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗುಡ್ಡದ ಸಾಲಿನಂತಿತ್ತು.

“ಅವಳ ಮಾತು ಪೂರ್ತೀನೇ ತೆಗೀರಿ” ಎಂದಳು.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ಗಿಣಿಯ ಸಾಕ್ಸು ಮಡಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ; ಆಡಿದರೆ ಚುಚ್ಚುವಂತೆ ಆಡುತ್ತಿದ್ದ.

“ಗಿಣೀದು ಅಂತ ಹೇಳಿ ಗೊಂಬೆ ತೋರಿಸ್ತೀಯಾ ಹಾಗಾದ್ರೆ.”

“ಅವಳಿಗೆ ನೋವಾಗಬಾರದು ಅಂತ ಮಾಡ್ತಿರೋದು ರೀ.”

“ಹೌದಾ.” ಅವನು ಒಂದು ಸಾಕ್ಸಿನ ಜೋಡಿ ಸಿಗದೆ ರಾಶಿಯಲ್ಲಿ ಹುಡುಕಿದ. “ಅವಳಿಗೆ ನೋವಾಗತ್ತೆ ಅಂತಲೋ, ನಾಳೆ ಮನೆಗೆ ಬಂದು ಆ ಮಾತನ್ನ ನಿನ್ನಿಂದ ಕಸ್ಕೊಂಡುಬಿಡ್ತಾಳೆ ಅಂತಲೋ?”

ಅಕ್ಕ ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದಳು. ಒಳಗಿನ ಕೋಣೆಯಿಂದ ಗಿಣಿ ಕೂಗಿತು, ಅವಳು ಕೈ ಒರೆಸಿಕೊಳ್ಳುತ್ತ ಹೋದಳು.

ರೀಲಣ್ಣ ಮುಚ್ಚಿ ಕೊಟ್ಟ ಡಿಸ್ಕನ್ನು ಅವಳು ಮನೆಯಲ್ಲಿ ಒಮ್ಮೆ ಹಾಕಿ ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಒಂದು ವಿಡಿಯೋ ಕರಗಿ ಇನ್ನೊಂದು ಮೂಡುತ್ತಿತ್ತು, ನಡುವೆ ಮುಗ್ಗರಿಸುತ್ತಿರಲಿಲ್ಲ. ನೀರು ಬಡಿಯುವ ಸದ್ದು, ಬೂಟು ಎಳೆಯುವ ಸದ್ದು ಇದ್ದವು. ಗಿಣಿ ಬಾಯಿ ತೆರೆದಾಗೆಲ್ಲ, ಫೋನಿನ ಹಿಂದಿನಿಂದ ಅಕ್ಕ ಓಗೊಟ್ಟಾಗೆಲ್ಲ, ಕೊಳಲು ಬಂದು ಮುಚ್ಚುತ್ತಿತ್ತು. ಅವಳಿಗೆ ಏನೂ ಕೊರತೆ ಕಾಣಲಿಲ್ಲ. ಕಾಣುವಂತೆಯೂ ಇರಲಿಲ್ಲ. ಪ್ರತಿ ಮಾತೂ ಬಾಯಿಪಾಠವಾಗಿದ್ದರಿಂದ ಅವಳ ಕಿವಿ ಖಾಲಿ ಜಾಗವನ್ನೆಲ್ಲ ತಾನೇ ತುಂಬಿಕೊಳ್ಳುತ್ತಿತ್ತು.

ಭೇಟಿಯ ದಿನ ಟಿವಿ ಕೋಣೆಯಲ್ಲಿ ಅವರು ಮೂವರೇ ಇದ್ದರು. ಉಳಿದವರೆಲ್ಲ ತೋಟದಲ್ಲಿ ನಡೆದಾಡಲು ಹೋಗಿದ್ದರು. ತಂಗಿ ಈ ಸಲವೂ ತಲೆ ಬಾಚಿಕೊಂಡಿದ್ದಳು. ಅಕ್ಕ ಅವಳ ಪಕ್ಕದಲ್ಲಿ ಕೂತು, ನೋಡಿಯೂ ನೋಡದಂತೆ ಅವಳ ಕೈಗಳನ್ನು ನೋಡಿದಳು. ಕೈಗಳು ನಡುಗುತ್ತಿರಲಿಲ್ಲ.

ಪ್ಲೇಯರ್ ಡಿಸ್ಕನ್ನು ಎಳೆದುಕೊಂಡಿತು. ಕರಕರ ಎಂದಿತು. ನಿಂತಿತು. ಪರದೆಯ ನಡುವೆ ಬೆಳಕು ಬಂತು.

“ಅರೆ ವಾಹ್, ಮುದುಕ ನುಂಗಿದ!” ಎಂದರು ನರ್ಸ್.

ಗಿಣಿ ಕುರ್ಚಿ ಹಿಡಿದು ನಿಂತಿತ್ತು. ಕೈ ಬಿಟ್ಟಿತು. ಒಂದು ಹೆಜ್ಜೆ, ಇನ್ನೊಂದು, ಧೊಪ್. ತಂಗಿಯ ಬಾಯಿಂದ ಸಣ್ಣದೊಂದು ಉಸಿರು ಹೊರಬಂತು. ನಗುವೇ ಇರಬೇಕು, ಅಕ್ಕನಿಗೆ ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಪರದೆಯಲ್ಲಿ ಗಿಣಿ ಮುಖವೆತ್ತಿ ಬಾಯಿ ತೆರೆಯಿತು. ಕೊಳಲು ಬಂತು.

ಬಕೆಟ್ಟು. ನೀರು ಚಿಮ್ಮುವ ಸದ್ದು. ಗಿಣಿಯ ಬಾಯಿ ಆಡಿತು. ಕೊಳಲು.

ತಂಗಿ ಮುಂದಕ್ಕೆ ಬಾಗಿದಳು. ಹಜಾರದಲ್ಲಿ ಬೂಟು ಸರಬರ ಎಳೆದುಕೊಂಡು ಬಂದ ಗಿಣಿ ನಡುವೆ ನಿಂತು, ಎದೆಯುಬ್ಬಿಸಿ, ಏನನ್ನೋ ದೊಡ್ಡದಾಗಿ ಸಾರಿತು. ಬಾಯಿ ಅಗಲವಾಗಿ ತೆರೆದು ಮುಚ್ಚಿತು, ತೆರೆದು ಮುಚ್ಚಿತು. ತಂಗಿಯ ಕಣ್ಣು ಮಗುವಿನ ಬಾಯಿಗೆ ನೆಟ್ಟಿತು. ಆಮೇಲೆ ಅವಳು ನಿಧಾನವಾಗಿ ಟಿವಿಯನ್ನು ನೋಡಿದಳು, ನರ್ಸನ್ನು ನೋಡಿದಳು, ಕೊನೆಗೆ ಅಕ್ಕನ ಕಡೆ ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ.

“ಅಕ್ಕಾ. ನಿಂಗೆ ಕೇಳಿಸ್ತಿದೆಯಾ?”

“ಏನು?”

“ಅವಳ ಮಾತು. ನಿಂಗೆ ಕೇಳಿಸ್ತಿದೆ ಅಲ್ವಾ? ನಿಜ ಹೇಳು. ನೀರು ಕೇಳಿಸ್ತು, ಬೂಟು ಕೇಳಿಸ್ತು. ಅವಳ ದನಿ ಮಾತ್ರ...” ಅವಳು ಎರಡೂ ಅಂಗೈಗಳಿಂದ ಕಿವಿಗಳನ್ನು ಒತ್ತಿ ಬಿಟ್ಟಳು, ನೀರು ಹೋದ ಕಿವಿಯನ್ನು ಸರಿಮಾಡಿಕೊಳ್ಳುವವರಂತೆ.

“ಟಿವಿದೇ ಏನೋ ಆಗಿರಬೇಕು ಬಿಡಿ” ಎಂದು ನರ್ಸ್ ರಿಮೋಟ್ ಎತ್ತಿಕೊಂಡು ವಾಲ್ಯೂಮ್ ಏರಿಸಿದರು. ಕೊಳಲು ಜೋರಾಯಿತು.

ಅಕ್ಕನಿಗೆ ದಾರಿ ಸಿಕ್ಕಿತ್ತು. ಹೌದು, ಟಿವಿಯದೇ ದೋಷ ಎಂದು ತಲೆಯಾಡಿಸಿದರೆ ಮುಗಿಯುತ್ತಿತ್ತು. ಆದರೆ ತಂಗಿ ಈಗ ಅಕ್ಕನ ಮೊಣಕೈ ಹಿಡಿದಿದ್ದಳು, ಉಗುರು ಇಳಿಯುವಷ್ಟು ಬಿಗಿಯಾಗಿ, ಮತ್ತು ತೀರಾ ಸಣ್ಣ ದನಿಯಲ್ಲಿ, ನರ್ಸಿಗೆ ಕೇಳಿಸಬಾರದೆಂಬಂತೆ ಹೇಳುತ್ತಿದ್ದಳು.

“ಆಗ್ಲೂ ಹೀಗೇ ಇತ್ತು ಅಕ್ಕ. ತೊಟ್ಟಿಲಲ್ಲಿ ಬಾಯಿ ತೆರೀತಿತ್ತು. ದನಿ ಬರ್ತಿರಲಿಲ್ಲ. ಗಡಿಯಾರ ಕೇಳಿಸ್ತಿತ್ತು, ನಲ್ಲಿ ಕೇಳಿಸ್ತಿತ್ತು. ನೀವೆಲ್ಲ ಮಗು ಅಳ್ತಿದೆ, ಮಗು ಅಳ್ತಿದೆ ಅಂತ ನನ್ನ ಬೈತಿದ್ರಿ. ನಂಗೆ ಅದು ಕೇಳಿಸ್ತಾನೇ ಇರಲಿಲ್ಲ. ಕೇಳಿಸಿದ್ರೆ ಎತ್ಕೊಳ್ತಿರಲಿಲ್ವಾ ನಾನು?” ಅವಳು ಇನ್ನಷ್ಟು ಹತ್ತಿರ ಬಾಗಿದಳು. “ಡಾಕ್ಟರಿಗೆ ಹೇಳಬೇಡ. ಮತ್ತೆ ಶುರುವಾಯ್ತು ಅಂತ ಹೇಳಬೇಡ.”

ತೊಟ್ಟಿಲ ಮೇಲೆ ಬಗ್ಗಿ ನಿಂತ ಆ ಮುಖವನ್ನು ಅಕ್ಕನೂ ನೋಡಿದ್ದಳು. ಒಮ್ಮೆ ತಾಳ್ಮೆಗೆಟ್ಟು, ನಿನ್ನ ಕಿವಿಗೇನು ಮಣ್ಣು ಮೆತ್ತಿದೆಯಾ ಎಂದು ಕೂಗಿಯೂ ಇದ್ದಳು. ತಂಗಿ ಅಲ್ಲಿ ನಿಂತು ದನಿಗಾಗಿ ಕಾಯುತ್ತಿದ್ದಳು ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಅದೇ ಮೌನವನ್ನು, ಹಾಳು ಕೊಳಲಿನ ಜೊತೆ, ಅಚ್ಚುಕಟ್ಟಾಗಿ ಮಾಡಿಸಿ, ತಾನೇ ಕೈಯಾರೆ ತಂದು ಅವಳ ಮುಂದಿಟ್ಟಿದ್ದಳು.

“ನಂಗೂ ಕೇಳಿಸ್ತಿಲ್ಲ” ಎಂದಳು ಅಕ್ಕ.

“ಸುಮ್ನೆ ಹೇಳಬೇಡ.”

“ನನ್ನ ಆಣೆಗೂ ಇಲ್ಲ. ಯಾರಿಗೂ ಕೇಳಿಸಲ್ಲ. ಸಿಸ್ಟರಿಗೂ ಇಲ್ಲ, ಕೇಳು ಬೇಕಾದ್ರೆ. ನಿನ್ನ ಕಿವಿ ಸರಿಯಾಗಿದೆ, ನಿನ್ನ ತಲೆ ಸರಿಯಾಗಿದೆ. ದನಿ ಇಲ್ಲ ಈ ಡಿಸ್ಕಲ್ಲಿ. ನಾನೇ ತೆಗೆಸಿದೆ.”

ನರ್ಸ್ ರಿಮೋಟನ್ನು ಒತ್ತಿದರು. ಗೊಂಬೆಯ ಬಾಯಿಗೆ ಬಿಸ್ಕತ್ತು ಹಿಡಿದ ಗಿಣಿ ಹಾಗೆಯೇ ನಿಂತುಬಿಟ್ಟಿತು.

“ಯಾಕೆ?” ಎಂದಳು ತಂಗಿ. ಮೊಣಕೈ ಬಿಟ್ಟಿರಲಿಲ್ಲ.

ಪದಗಳನ್ನು ಅಳೆದು ತೂಗಿ ಇಡುವುದು ಅಕ್ಕನಿಗೆ ಅಭ್ಯಾಸ. ಅವತ್ತು ತೂಗಲು ಏನೂ ಉಳಿದಿರಲಿಲ್ಲ. “ಅವಳು ನನ್ನನ್ನ ಅಮ್ಮ ಅಂತಾಳೆ. ಎಲ್ಲದರಲ್ಲೂ ಅಂದಿದಾಳೆ. ನೀನು ಕೇಳಿದ್ರೆ...” ನಿಲ್ಲಿಸಿದಳು. “ನೀನು ಕೇಳಿದ್ರೆ ಏನಾಗತ್ತೋ ಅಂತ ಹೆದರಿಕೆ ಆಯ್ತು. ನಿಂಗೇನಾಗತ್ತೋ ಅಂತ. ನಂಗೇನಾಗತ್ತೋ ಅಂತಲೂ.”

ತಂಗಿಯ ಹಿಡಿತ ಸಡಿಲವಾಯಿತು. ಆಮೇಲೆ ಪರದೆಯ ಕಡೆಯೇ ನೋಡುತ್ತ, “ಮತ್ತಿನ್ನೇನು ಅನ್ನತ್ತೆ, ಪಾಪ? ಎತ್ತಿ ಆಡಿಸಿದವಳು ನೀನು” ಎಂದಳು. ಅದರಲ್ಲಿ ಸಿಟ್ಟಿದೆಯೋ ಎಂದು ಅಕ್ಕ ಕಿವಿಗೊಟ್ಟಳು. ಸಿಟ್ಟು ಇರಲಿಲ್ಲ. ನೋವು ಇತ್ತು, ಅದು ಇರದೆ ಹೇಗೆ ಸಾಧ್ಯ? ಆದರೆ ಮೊದಲಿನ ಆ ಬಿಳಿಚಿದ ಹೆದರಿಕೆ ಹೋಗಿತ್ತು.

“ಹೊಸ ಡಿಸ್ಕ್ ಮಾಡಿಸ್ಕೊಂಡು ಬರ್ತೀನಿ. ದನಿ ಇರೋದು. ಮುಂದಿನ ಸಲ...”

“ಮುಂದಿನ ಸಲ ಬೇಡ. ಹಾಕಿ ಸಿಸ್ಟರ್.” ತಂಗಿ ಬೆಂಚಿನ ಮೇಲೆ ಕಾಲು ಮಡಿಸಿ ಸರಿಯಾಗಿ ಕೂತಳು. “ನಿಂಗೆ ಗೊತ್ತಲ್ವಾ ಅವಳು ಏನಂದಳು ಅಂತ? ನೀನೇ ಹೇಳು.”

ಅಕ್ಕ ಹೇಳಿದಳು. ಮೊದಮೊದಲು ನಾಚಿಕೆಯಿಂದ, ವರದಿ ಒಪ್ಪಿಸುವವಳ ಹಾಗೆ. ಆಮೇಲೆ ಗಿಣಿಯ ಬಾಯಿ ಆಡುವ ವೇಗಕ್ಕೆ ಸರಿಯಾಗಿ, ಗಿಣಿಯದೇ ರಾಗದಲ್ಲಿ. “ತಿನ್ನು. ಇಲ್ಲಾಂದ್ರೆ ಅಮ್ಮಂಗೆ ಹೇಳ್ಕೊಡ್ತೀನಿ.” ನರ್ಸ್ ಫಕ್ಕನೆ ನಕ್ಕು, ತಪ್ಪಾಯಿತೇನೋ ಎಂದು ಬಾಯಿ ಮುಚ್ಚಿಕೊಂಡರು. ತಂಗಿಯೂ ನಕ್ಕಿದ್ದಳು. ಶಾಲೆಯ ಗೇಟಿನ ದೃಶ್ಯದಲ್ಲೂ ಅಕ್ಕ ಹೇಳುವುದನ್ನು ಬಿಡಲಿಲ್ಲ.

“ಒಂದರಲ್ಲೂ ನಿನ್ನ ಮುಖಾನೇ ಇಲ್ವಲ್ಲ” ಎಂದಳು ತಂಗಿ.

“ಫೋನ್ ಹಿಡಿದವಳು ನಾನೇ.”

“ಹೂಂ. ಅದಕ್ಕೇ ಅವಳು...” ತಂಗಿ ಮಾತು ಮುಗಿಸಲಿಲ್ಲ. ಪರದೆಯಲ್ಲಿ ಇರುವೆಯ ವಿಡಿಯೋ ಬಂದಿತ್ತು. ಗಿಣಿ ನೆಲದ ಮೇಲೆ ಬೋರಲು ಮಲಗಿ, ಗಲ್ಲಕ್ಕೆ ಕೈಕೊಟ್ಟು, ಮೂಗಿನ ಮುಂದೆ ಹೋಗುತ್ತಿದ್ದ ಕಪ್ಪು ಚುಕ್ಕೆಯನ್ನು ನೋಡುತ್ತಿತ್ತು. ಆಮೇಲೆ ತಲೆಯೆತ್ತಿತು. ಆ ಕಣ್ಣುಗಳು ನೇರವಾಗಿ ಬೆಂಚಿಗೇ ಬಂದು ತಾಗಿದವು. ಬಾಯಿ ಒಮ್ಮೆ ತೆರೆದು ಮುಚ್ಚಿತು. ಆಮೇಲೆ ಸುಮ್ಮನೆ ನೋಡುತ್ತ ಉಳಿಯಿತು, ಹುಬ್ಬು ಮೇಲೇರಿಸಿ.

“ಯಾಕೆ ನಿಲ್ಲಿಸಿದಳು?”

“ಕರೆದು ಕಾಯ್ತಿದಾಳೆ. ‘ಓ’ ಅನ್ನೋವರೆಗೂ ಮುಂದಿನ ಮಾತು ಹೇಳಲ್ಲ ಅವಳು. ಎಷ್ಟು ಹೊತ್ತಾದ್ರೂ ಹೀಗೇ ಕಾಯ್ತಾಳೆ. ಹಟಮಾರಿ.”

“ಸಿಸ್ಟರ್, ಸ್ವಲ್ಪ ಹಿಂದಕ್ಕೆ ಹಾಕ್ತೀರಾ?”

ನರ್ಸ್ ಒತ್ತಿದರು. ಇರುವೆ ಹಿಂದಕ್ಕೆ ನಡೆಯಿತು, ಗಿಣಿಯ ತಲೆ ಮತ್ತೆ ಕೆಳಗಾಯಿತು. ಕಪ್ಪು ಚುಕ್ಕೆ ಮೂಗಿನ ಮುಂದೆ ಹೊರಟಿತು. ಗಿಣಿ ತಲೆಯೆತ್ತಿತು.

“ಅಮ್ಮಾ” ಎಂದಳು ಅಕ್ಕ, ಗಿಣಿಯ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ.

ಹುಬ್ಬು ಮೇಲೇರಿತು. ಮಗು ಕಾಯುತ್ತಿತ್ತು. ಅಕ್ಕನ ಗಂಟಲಿಗೆ ಉತ್ತರ ತಾನಾಗಿಯೇ ಬಂತು. ದಿನಕ್ಕೆ ಎಷ್ಟು ಸಲವೋ, ಒಲೆಯ ಮುಂದೆ, ಕರಡಿನ ಹಾಳೆಗಳ ನಡುವೆ, ಅರೆನಿದ್ದೆಯಲ್ಲಿ ಓಗೊಟ್ಟು ರೂಢಿಯಾದ ಗಂಟಲು. ಅವಳು ತುಟಿ ಬಿಗಿಹಿಡಿದು ಅದನ್ನು ಅಲ್ಲೇ ತಡೆದಳು.

“ಓ” ಎಂದಳು ತಂಗಿ.

ಪರದೆಯ ಮೇಲೆ ಗಿಣಿಯ ಮುಖ ಅರಳಿತು, ಬಾಯಿ ಪಟಪಟನೆ ಆಡತೊಡಗಿತು. ತಂಗಿ ಪರದೆಯಿಂದ ಕಣ್ಣು ಕೀಳದೆ ಅಕ್ಕನ ತೊಡೆಯನ್ನು ತಟ್ಟಿ ಅವಸರಪಡಿಸಿದಳು, ಹೇಳು, ಏನಂತೆ, ಹೇಳು.